ಪೋಲ್ ಪಾಟ್ ಕಾಲದ ಬಗ್ಗೆ ಅಲ್ಲಿನ ಹಿರಿಯರನ್ನು ಹೇಗೆ ಕೇಳೋದು? ಕೇಳಲೇಬೇಡಿ

ಕೆಲಸದ ಮೇಲೆ ಕಾಂಬೋಡಿಯಾಕ್ಕೆ ಹೋಗ್ತಿದ್ದೀರಿ, ಅಲ್ಲಿ ಪೋಲ್ ಪಾಟ್ ನಾಯಕನಾಗಿದ್ದ ಕಮ್ಯುನಿಸ್ಟ್ ಪಕ್ಷ ಖಮೇರ್ ರೂಜ್ ಆಳಿದ ಕಾಲದ (1975–79) ಸತ್ಯವನ್ನು ಕಂಡವರ ಬಾಯಿಂದಲೇ ಕೇಳಬೇಕು, ಅದನ್ನಿಟ್ಟು ಗೆಳೆಯರ ಜೊತೆ ವಾದ ಗೆಲ್ಲಬೇಕು, ಮಾತು ಹೇಗೆ ತೆಗೆಯೋದು ಅಂದಿದ್ದೀರಿ. ಓದಿ ಎದೆ ಧಸಕ್ ಅಂತು. ಥೇಟ್ ಇದೇ ಆಸೆ ಕಟ್ಟಿಕೊಂಡು ಹೋದವನು ನಾನು.

ನಾನು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ನೋಡುತ್ತಿದ್ದೆ. 2013ರಲ್ಲಿ ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್‌ನ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಕಾಲೇಜಿನಲ್ಲಿ ನಮ್ಮದು ಎಡಪಂಥದ ಗುಂಪು. ‘ಖಮೇರ್ ರೂಜ್ ಜನರನ್ನು ಕೊಂದಿತು ಅನ್ನೋದೆಲ್ಲ ಅಮೆರಿಕದವರು ಕಟ್ಟಿದ ಕತೆ, ಬಾಂಬ್ ಹಾಕಿದ್ದು ಅವರೇ ಅಲ್ವಾ’ ಅಂತ ಕಾಂಬೋಡಿಯಾದ ಮಾತು ಮುಗಿಸುತ್ತಿದ್ದೆವು. ಬಾಂಬ್ ಹಾಕಿದ್ದು ನಿಜವೇ. ಆದರೆ ಖಮೇರ್ ರೂಜ್ ನಡೆಸಿದ ಜೈಲು ಟೂಲ್ ಸ್ಲೆಂಗ್ ನೋಡಿದ ಮೇಲೆ ಆ ವಾದ ಬಾಯಿಗೆ ಬರಲಿಲ್ಲ. ಅದು ಮೊದಲು ಹೈಸ್ಕೂಲು. ಕ್ಲಾಸ್‌ರೂಮಿನೊಳಗೆ ಇಟ್ಟಿಗೆಯ ಗೂಡುಗಳು. ಬಂದವರ ಫೋಟೊ ತೆಗೆದು, ಹೊಡೆದು ತಪ್ಪೊಪ್ಪಿಗೆ ಬರೆಸಿಕೊಂಡು, ಆಮೇಲೆ ಕೊಂದಿದ್ದಾರೆ. ಅದನ್ನು ನಡೆಸಿದ ಡುಚ್ ಹಿಂದೆ ಗಣಿತದ ಮೇಷ್ಟ್ರು.

ನಾನಿದ್ದ ಮನೆಯ ಒಡತಿಯನ್ನು ಮಿಂಗ್ ಅಂತಿದ್ದೆ. ನಾವು ಚಿಕ್ಕಮ್ಮ ಅಂದ ಹಾಗೆ. 1975ರಲ್ಲಿ ಅವರಿಗೆ ಹದಿಮೂರು. ಏಪ್ರಿಲ್ 17ರಂದು ಖಮೇರ್ ರೂಜ್ ಊರೊಳಗೆ ಬಂದು, ಅಮೆರಿಕದವರು ಬಾಂಬ್ ಹಾಕ್ತಾರೆ, ಎರಡು ಮೂರು ದಿನದ ಮಟ್ಟಿಗೆ ಹೊರಡಿ ಅಂದಿತು. ಆಸ್ಪತ್ರೆಯ ರೋಗಿಗಳನ್ನೂ ಬಿಡಲಿಲ್ಲ. ಹೋದವರು ಸುಮಾರು ನಾಲ್ಕು ವರ್ಷ ಗದ್ದೆಯಲ್ಲಿ ದುಡಿದರು. ದುಡ್ಡು ರದ್ದು, ಮನೆಯಲ್ಲಿ ಒಲೆ ಹಚ್ಚೋದೂ ಅಪರಾಧ, ಊಟ ಅಂದರೆ ನೀರು ಗಂಜಿ. ಇಷ್ಟನ್ನು ಮಿಂಗ್ ತಾವಾಗೇ, ತರಕಾರಿ ಹೆಚ್ಚುತ್ತಾ ಚೂರು ಚೂರು ಹೇಳಿದ್ದರು. ನಾನು ಅಷ್ಟಕ್ಕೇ ಸುಮ್ಮನಿರಬೇಕಿತ್ತು.

ಖಮೇರ್ ಹೊಸ ವರ್ಷ ನಮ್ಮ ಬಿಸು ಹಬ್ಬದ ಹೊತ್ತಿಗೇ ಬರುತ್ತೆ. ಅವತ್ತು ಊಟಕ್ಕೆ ಕರೆದಿದ್ದರು. ನಾನು ಕೇಳಿದೆ: ‘ಅಷ್ಟು ಜನ ಇದ್ದಿರಿ, ಯಾರೂ ಎದುರು ಮಾತಾಡಲಿಲ್ವಾ?’

ಬೈಯುವ ಧಾಟಿಯಲ್ಲಿ ಕೇಳಿದ್ದಲ್ಲ. ಎದುರು ನಿಂತ ಯಾರದಾದರೂ ಕತೆ ಸಿಗಬಹುದು ಅಂತ ಆಸೆ. ಮಿಂಗ್ ಅವರ ಮಗಳು ನನಗೆ ದುಭಾಷಿ. ಅವಳು ತರ್ಜುಮೆ ಮಾಡದೆ ನನಗೆ ಇನ್ನೊಂದಿಷ್ಟು ಸಾರು ಬಡಿಸಿದಳು. ಅಲ್ಲೇ ತಿಳಿದುಕೊಳ್ಳಬೇಕಿತ್ತು. ‘ಕೇಳು, ಕೇಳು’ ಅಂದೆ. ನಾನು ಎರಡನೇ ಸಲ ಹೇಳಿದ್ದೇ ತಪ್ಪು. ಮೊದಲ ಸಲದ್ದನ್ನು ಪೆದ್ದುತನ ಅಂತ ಅವರು ಬಿಟ್ಟುಬಿಡುತ್ತಿದ್ದರೇನೋ. ಅವಳು ಕೇಳಿದಳು. ಮಿಂಗ್ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ತಿಂಗಳು ತುಂಬುವಾಗ, ನೆಂಟರು ಬರ್ತಾರೆ, ರೂಮು ಬೇಕು ಅಂತ ಹೇಳಿಸಿದರು. ಯಾವ ನೆಂಟರೂ ಬರಲಿಲ್ಲ.

ಆಗ ಪಕ್ಷ ತನ್ನನ್ನು ಅಂಗ್ಕಾರ್, ಅಂದರೆ ಸಂಘಟನೆ, ಅಂತಷ್ಟೇ ಕರೆದುಕೊಳ್ಳುತ್ತಿತ್ತು. ಅಂಗ್ಕಾರ್‌ಗೆ ಅನಾನಸಿನಷ್ಟು ಕಣ್ಣು ಅನ್ನೋ ಮಾತಿತ್ತು. ಆ ಕಣ್ಣುಗಳಲ್ಲಿ ಮಕ್ಕಳದ್ದೂ ಸೇರಿತ್ತು. ಸಭೆ ಕೂರಿಸಿ, ಮನೆಯವರ ತಪ್ಪನ್ನು ಮಕ್ಕಳ ಬಾಯಲ್ಲೇ ಹೇಳಿಸುತ್ತಿದ್ದರು. ‘ಅಮ್ಮ ಅಂಥ ಒಂದು ಸಭೆಯಲ್ಲಿ ಮಾತಾಡಿದ್ದಳು, ಮಾವ ಅಕ್ಕಿ ಬಚ್ಚಿಟ್ಟಿದ್ದ’ ಅಂತ ಮಗಳು ನಾನು ಸಾಮಾನು ಸಾಗಿಸುವ ದಿನ ಹೇಳಿದಳು. ಅದಕ್ಕಿಂತ ಜಾಸ್ತಿ ಹೇಳಲಿಲ್ಲ.

ಅದಕ್ಕೇ, ಕಂಡವರ ಬಾಯಲ್ಲೇ ಸತ್ಯ ಇರೋದು ಅನ್ನೋ ನಿಮ್ಮ ಮಾತನ್ನು ನಾನು ಒಪ್ಪಲ್ಲ. ಸತ್ಯ ಬೇಕಾ? ಕೊಂದವರೇ ಬರೆದಿಟ್ಟ ಕಾಗದ ರಾಶಿ ಇದೆ. ವಿಶ್ವಸಂಸ್ಥೆಯ ನೆರವಿನ ನ್ಯಾಯಮಂಡಳಿ ಅದನ್ನೆಲ್ಲ ತಡಕಿ ನೋಡಿ, 2018ರಲ್ಲಿ ಖಮೇರ್ ರೂಜ್‌ನ ಹಿರಿಯ ನಾಯಕರಾದ ನುಯೋನ್ ಚಿಯಾ, ಖಿಯು ಸಾಂಫಾನ್ ಇಬ್ಬರಿಗೂ ನರಮೇಧದ ಅಪರಾಧಕ್ಕೆ ಜೀವಾವಧಿ ಕೊಟ್ಟಿದೆ. 80 ಲಕ್ಷದ ಆಸುಪಾಸು ಜನರಿದ್ದ ದೇಶದಲ್ಲಿ ಸುಮಾರು 17 ಲಕ್ಷ ಜನ ಸತ್ತರು. ನಿಮ್ಮ ಗೆಳೆಯರ ಜೊತೆ ವಾದ ಗೆಲ್ಲೋಕೆ ಇಷ್ಟು ಸಾಲದಾ? ಸಾಲದು ಅನ್ನೋರಿಗೆ ಯಾರ ಅಜ್ಜಿಯ ಕಣ್ಣೀರು ತಂದುಕೊಟ್ಟರೂ ಸಾಲಲ್ಲ. ನಾನೂ ಹಾಗೇ ಇದ್ದವನು, ಬಲ್ಲೆ.

ರೂಮು ರಷ್ಯನ್ ಮಾರ್ಕೆಟ್ ಕಡೆ ನೋಡಿ. ಯಾರಾದರೂ ಊಟಕ್ಕೆ ಕರೆದರೆ ಹೋಗಿ, ಅವರು ಹೇಳಿದಷ್ಟು ಕೇಳಿಸಿಕೊಳ್ಳಿ. ತಟ್ಟೆಯಲ್ಲಿ ಅನ್ನ ಬಿಡಬೇಡಿ. ನಾನು ಆ ಮನೆಯಲ್ಲಿ ದಿನಾ ಬಿಡುತ್ತಿದ್ದೆನಂತೆ. ಅದನ್ನೂ ಮಗಳು ಹೇಳಿದ್ದು ಸಾಮಾನು ಸಾಗಿಸುವ ದಿನವೇ.