ತೊಕಾಯ್‌ನ ನೆಲಮಾಳಿಗೆಯಲ್ಲಿ ವೈನ್ ಟೇಸ್ಟಿಂಗ್: ಮೊದಲ ಸಲ ಹೋಗುವವರಿಗೆ ಏನು ಗೊತ್ತಿರಬೇಕು?

ನಿಮ್ಮದು ಒಂದೇ ಪ್ರಶ್ನೆಯಾದರೂ ಒಳಗೆ ನಾಲ್ಕಿವೆ. ಆಫೀಸ್ ಕೆಲಸಕ್ಕೆ ಬುಡಾಪೆಸ್ಟ್‌ಗೆ ಹೋದಾಗ ಶನಿವಾರ ಸಿಹಿ ವೈನ್‌ಗೆ ಹೆಸರಾದ ಹಂಗೇರಿಯ ಊರು ತೊಕಾಯ್‌ನಲ್ಲಿ ಆರು ವೈನ್‌ಗಳ ಟೇಸ್ಟಿಂಗ್ ಬುಕ್ ಆಗಿದೆ. ಅಲ್ಲಿ ಏನು ನಡೆಯುತ್ತದೆ, ಏನನ್ನು ಗಮನಿಸಬೇಕು, ಸಸ್ಯಾಹಾರಿಗೆ ತಿನ್ನಲು ಏನು ಸಿಗುತ್ತದೆ, ಬೆಂಗಳೂರಿಗೆ ಎಷ್ಟು ಬಾಟಲಿ ತರಬಹುದು. ವೈನ್ ಬಗ್ಗೆ ಏನೂ ಗೊತ್ತಿಲ್ಲ ಅಂತಲೂ ಬರೆದಿದ್ದೀರಿ. ಅದಕ್ಕೆ ಸಂಕೋಚ ಬೇಡ. ಅಲ್ಲಿ ಎಲ್ಲರೂ ಸಿಹಿಯ ಬಗ್ಗೆ ಮಾತಾಡುತ್ತಾರೆ. ನೀವು ಹುಳಿಯ ಮೇಲೆ ಗಮನ ಇಡಿ. ತೊಕಾಯ್ ಅರ್ಥವಾಗುವುದು ಅಲ್ಲಿಂದಲೇ.

ಮೊದಲು ಹೋಗಿ ಬರುವ ವಿಚಾರ. ಬುಡಾಪೆಸ್ಟ್‌ನ ಕೆಲೆತಿ ನಿಲ್ದಾಣದಿಂದ ತೊಕಾಯ್‌ಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಬಾಡಿಗೆ ಕಾರು ಬೇಡ. ಹಂಗೇರಿಯಲ್ಲಿ ಗಾಡಿ ಓಡಿಸುವವರ ರಕ್ತದಲ್ಲಿ ಮದ್ಯದ ಮಿತಿ ಸೊನ್ನೆ; ‘ರುಚಿ ನೋಡಿದ್ದಷ್ಟೇ’ ಅಂದರೆ ಪೊಲೀಸರು ಒಪ್ಪುವುದಿಲ್ಲ. ರುಚಿ ನೋಡುವುದು ಕಡಿಮೆ ಕುಡಿತವೂ ಅಲ್ಲ. ಒಂದೊಂದು ವೈನ್ 50 ಎಂ.ಎಲ್. ಸುರಿದರೆ ಆರಕ್ಕೆ 300 ಎಂ.ಎಲ್. ಸರಾಸರಿ ಶೇ 12 ಆಲ್ಕೋಹಾಲ್ ಹಿಡಿದರೂ 28 ಗ್ರಾಂ ಶುದ್ಧ ಮದ್ಯ ಒಳಗೆ ಹೋಗುತ್ತದೆ. ನಮ್ಮ ಬಾರ್‌ಗಳ ‘ನೈಂಟಿ’ ವಿಸ್ಕಿಗೆ ಹತ್ತಿರ ಹತ್ತಿರ ಅಷ್ಟೇ. ಹಾಗಾಗಿ ಖಾಲಿ ಹೊಟ್ಟೆಯಲ್ಲಿ ಇಳಿಯಬೇಡಿ. ಊಟ ಮಾಡಿ, ಆದರೆ ಖಾರ ಬೇಡ: ನಾಲಿಗೆ ಮೇಲೆ ಮೆಣಸಿನ ಉರಿ ಉಳಿದಿದ್ದರೆ ಮದ್ಯದ ಬಿಸಿ ಇಮ್ಮಡಿಯಾಗುತ್ತದೆ, ಹಣ್ಣಿನ ರುಚಿ ತಿಳಿಯುವುದೇ ಇಲ್ಲ. ಊಟದ ನಂತರ ಏಲಕ್ಕಿ, ಸೋಂಪು, ಪುದೀನ ಮಿಠಾಯಿ, ಕಾಫಿ ಯಾವುದೂ ಬೇಡ. ಸೆಂಟ್ ಹಾಕಿಕೊಳ್ಳಬೇಡಿ, ಅದು ನಿಮ್ಮ ಮೂಗನ್ನಷ್ಟೇ ಅಲ್ಲ, ಮೇಜಿನ ಸುತ್ತ ಕುಳಿತ ಎಲ್ಲರ ಮೂಗನ್ನೂ ಕೆಡಿಸುತ್ತದೆ.

ಬೇಸಿಗೆಯಲ್ಲಿ ಹೋದರೂ ಸ್ವೆಟರ್ ಇರಲಿ. ಇಲ್ಲಿನ ನೆಲಮಾಳಿಗೆಗಳು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆದು ಕಲ್ಲಿನಲ್ಲಿ ಕೈಯಿಂದ ಕೊರೆದ ಸುರಂಗಗಳು. ವರ್ಷವಿಡೀ 10ರಿಂದ 12 ಡಿಗ್ರಿ, ತೇವಾಂಶ ಶೇ 85ಕ್ಕಿಂತ ಮೇಲೆ. ಹಳೆಯವುಗಳಲ್ಲಿ ಬಾಗಿಲು ಗಿಡ್ಡ, ಚಾವಣಿ ತಗ್ಗು, ಮೆಟ್ಟಿಲು ಒದ್ದೆ. ಜಾರದ ಬೂಟು ಹಾಕಿ, ತಲೆ ತಗ್ಗಿಸಿ ನಡೆಯಿರಿ. ಕೆಳಗೆ ಫೋನ್ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ರೈಲಿನ ಟಿಕೆಟ್ಟು, ವೇಳಾಪಟ್ಟಿ ಮೊದಲೇ ಇಳಿಸಿಕೊಂಡಿರಿ.

ಗೋಡೆ ತುಂಬ ಕರಿ ಉಣ್ಣೆ ಹೊದಿಸಿದಂತೆ ಬೂಷ್ಟು ಕಾಣಿಸುತ್ತದೆ. ಗಾಬರಿ ಬೇಡ, ಕೊಳಕೂ ಅಲ್ಲ. ಪೀಪಾಯಿಗಳಿಂದ ಆವಿಯಾಗುವ ಮದ್ಯವನ್ನು ತಿಂದು ಬದುಕುವ ಶಿಲೀಂಧ್ರ ಅದು, ಮುಟ್ಟಿದರೆ ಒಣಗಿದಂತೆ, ಮೆತ್ತಗೆ. ಪ್ರವಾಸಿಗರು ಅದಕ್ಕೆ ನಾಣ್ಯ ಅಂಟಿಸುವುದುಂಟು. ನೀವು ಕೈ ಹಾಕದಿದ್ದರೆ ಮಾಲೀಕರಿಗೆ ಖುಷಿ. ಅಸ್ತಮಾ ಅಥವಾ ಬೂಷ್ಟಿನ ಅಲರ್ಜಿ ಇದ್ದರೆ ಬುಕ್ ಮಾಡುವಾಗಲೇ ತಿಳಿಸಿ, ಮೇಲಿನ ಕೋಣೆಯಲ್ಲಿ ಕೂರಿಸಲು ಕೇಳಿ. ಈ ಗೋಡೆಯ ಬೂಷ್ಟೇ ದ್ರಾಕ್ಷಿಯ ಮೇಲೂ ಬೆಳೆಯುತ್ತದೆ ಅಂದುಕೊಳ್ಳುವವರು ಬಹಳ. ಎರಡೂ ಬೇರೆ ಬೇರೆ.

ದ್ರಾಕ್ಷಿಯ ಮೇಲೆ ಬರುವುದು ಬೊಟ್ರೈಟಿಸ್ ಸಿನೇರಿಯಾ. ಬೊದ್ರೊಗ್ ಮತ್ತು ತಿಸಾ ನದಿಗಳು ಸೇರುವ ಜಾಗ ತೊಕಾಯ್. ಶರತ್ಕಾಲದ ಬೆಳಿಗ್ಗೆ ನದಿಯಿಂದ ಮಂಜು ಏಳುತ್ತದೆ, ಮಧ್ಯಾಹ್ನ ಒಣ ಬಿಸಿಲು. ಮಂಜಿನಲ್ಲಿ ಶಿಲೀಂಧ್ರ ಹಬ್ಬಿ ಸಿಪ್ಪೆಯನ್ನು ಸಣ್ಣಗೆ ತೂತು ಮಾಡುತ್ತದೆ, ಬಿಸಿಲಿನಲ್ಲಿ ನೀರು ಆರುತ್ತದೆ, ಹಣ್ಣು ಸುಕ್ಕುಗಟ್ಟುತ್ತದೆ. ಸಕ್ಕರೆಯೂ ಹುಳಿಯೂ ಸುವಾಸನೆಯೂ ಗಟ್ಟಿಯಾಗುತ್ತವೆ. ಮಳೆ ಬಿಡದೆ ಹೊಡೆದರೆ ಅದೇ ಶಿಲೀಂಧ್ರ ಗೊಂಚಲನ್ನೇ ಕೊಳೆಸುತ್ತದೆ. ಅಂಥ ವರ್ಷ ಇಲ್ಲಿನ ಹೆಸರಾಂತ ಸಿಹಿ ವೈನ್ ಅಸೂ ಇಲ್ಲ, ಇದ್ದರೂ ಅಷ್ಟಕ್ಕಷ್ಟೆ. ಸುಕ್ಕಿದ ಹಣ್ಣನ್ನು ಒಂದೊಂದಾಗಿ ಕೈಯಲ್ಲಿ ಬಿಡಿಸಿ, ತಾಜಾ ರಸದಲ್ಲೋ, ಹುದುಗುತ್ತಿರುವ ರಸದಲ್ಲೋ, ಆಗಿರುವ ವೈನ್‌ನಲ್ಲೋ ನೆನೆಸಿ, ಹಿಂಡಿ, ನಿಧಾನವಾಗಿ ಹುದುಗಿಸಿ, ಕನಿಷ್ಠ 18 ತಿಂಗಳು ಓಕ್ ಪೀಪಾಯಿಯಲ್ಲಿ ಇಟ್ಟರೆ ಅಸೂ. ಹೊರಗಿಂದ ಒಂದು ಚಮಚ ಸಕ್ಕರೆಯನ್ನೂ ಹಾಕುವಂತಿಲ್ಲ. ಬೆಂಗಳೂರಿನ ಅಗ್ಗದ ‘ಪೋರ್ಟ್’ ಕುಡಿದು ಸಿಹಿ ವೈನ್ ಎಂದರೆ ಇಷ್ಟೇ ಎಂದುಕೊಂಡವರು ಇಲ್ಲಿ ಆ ಲೆಕ್ಕ ಬಿಡಬೇಕು.

ಗೈಡ್ ‘ಐದು ಪುತ್ತೊನ್ಯೊಶ್’, ‘ಆರು ಪುತ್ತೊನ್ಯೊಶ್’ ಅನ್ನುತ್ತಾರೆ. ಹಳೆಯ ಕಾಲದಲ್ಲಿ 136 ಲೀಟರ್‌ನ ಪೀಪಾಯಿಗೆ ಎಷ್ಟು ಬುಟ್ಟಿ ಸುಕ್ಕಿದ ಹಣ್ಣು ಬಿತ್ತು ಎಂಬ ಎಣಿಕೆ ಅದು. ಬುಟ್ಟಿಗೆ 20–25 ಕಿಲೋ. ಈಗ ಬುಟ್ಟಿ ಯಾರೂ ಎಣಿಸುವುದಿಲ್ಲ, ಸಕ್ಕರೆ ಅಳೆಯುತ್ತಾರೆ: ಲೀಟರಿಗೆ ಕನಿಷ್ಠ 120 ಗ್ರಾಂ ಇದ್ದರೆ ಐದು, 150 ಇದ್ದರೆ ಆರು. 2013ರ ನಿಯಮದಿಂದ ಮೂರು, ನಾಲ್ಕು ಪುತ್ತೊನ್ಯೊಶ್ ನಿಂತುಹೋದವು. ಹಳೆಯ ಬಾಟಲಿಗಳಲ್ಲಿ ಮಾತ್ರ ಕಾಣುತ್ತವೆ. ಆರು ಎಂದರೆ ಐದಕ್ಕಿಂತ ಒಳ್ಳೆಯದು ಎಂದೇನಿಲ್ಲ. ಹುಳಿ ಸಾಲದ ಆರಕ್ಕಿಂತ ಹುಳಿ ಚುರುಕಾಗಿರುವ ಐದು ಎಷ್ಟೋ ಮೇಲು. ಆದ್ದರಿಂದ ಗೈಡ್‌ಗೆ ಒಂದು ಪ್ರಶ್ನೆ ಕೇಳುವುದಾದರೆ ಇದನ್ನು ಕೇಳಿ: ಉಳಿದ ಸಕ್ಕರೆ ಎಷ್ಟು, ಒಟ್ಟು ಹುಳಿ ಎಷ್ಟು? ಲೀಟರಿಗೆ 150 ಗ್ರಾಂ ಸಕ್ಕರೆ, 6 ಗ್ರಾಂ ಹುಳಿ ಇರುವ ವೈನ್ ಬಾಯಲ್ಲಿ ಅಂಟುತ್ತದೆ. 180 ಗ್ರಾಂ ಸಕ್ಕರೆ, 10 ಗ್ರಾಂ ಹುಳಿ ಇರುವುದು ನುಂಗಿದ ಕೂಡಲೇ ಬಾಯಿ ತೊಳೆದಂತೆ ಹಗುರಾಗುತ್ತದೆ. ಈ ಎರಡು ಅಂಕಿ ಕೇಳಿದವರ ಜೊತೆ ಗೈಡ್‌ನ ಮಾತಿನ ಧಾಟಿಯೇ ಬದಲಾಗುತ್ತದೆ.

ಸುರಿಯುವ ಕ್ರಮ ಸಾಮಾನ್ಯವಾಗಿ ಹೀಗೆ: ಮೊದಲು ಫುರ್ಮಿಂಟ್ ಎಂಬ ಬಿಳಿ ದ್ರಾಕ್ಷಿಯ ಸಿಹಿಯಿಲ್ಲದ ವೈನ್. ಹಸಿರು ಸೇಬು, ಪೇರ್ ಹಣ್ಣಿನ ವಾಸನೆ, ಜೊತೆಗೆ ಕೆಲವೊಮ್ಮೆ ಹೊಗೆಯ ಎಳೆ. ಹುಳಿ ನೇರವಾಗಿ ಹೊಡೆಯುತ್ತದೆ. ಮುಂದಿನ ಎಲ್ಲ ಸಿಹಿಯನ್ನೂ ಎತ್ತಿ ಹಿಡಿಯುವುದು ಈ ಹುಳಿಯೇ, ಅದರ ಗುರುತು ನಾಲಿಗೆಗೆ ಆಗಲಿ. ನಂತರ ಹಾರ್ಶ್‌ಲೆವೆಲ್ಯೂ ಎಂಬ ಇನ್ನೊಂದು ಬಿಳಿ ದ್ರಾಕ್ಷಿಯದ್ದು, ಇದು ಮೆದು, ಹೂವಿನ ಘಮ. ಆಮೇಲೆ ಸಿಹಿಯಿಲ್ಲದ ಸಮೊರೊದ್ನಿ ಕೊಟ್ಟರೆ ಎಚ್ಚರ. ಆರೋಗ್ಯದ ಹಣ್ಣು, ಸುಕ್ಕಿದ ಹಣ್ಣು ಬೇರೆ ಮಾಡದೆ ಇಡೀ ಗೊಂಚಲನ್ನೇ ಹಿಂಡಿ, ಪೀಪಾಯಿಯನ್ನು ಪೂರ್ತಿ ತುಂಬದೆ, ಮೇಲೆ ಯೀಸ್ಟ್‌ನ ಕೆನೆ ಕಟ್ಟಲು ಬಿಟ್ಟು ಹಳೆಯದಾಗಿಸುತ್ತಾರೆ. ಅಕ್ರೋಟು, ಕೊಯ್ದಿಟ್ಟು ಕಂದಾದ ಸೇಬಿನ ವಾಸನೆ ಬರುತ್ತದೆ. ಮೊದಲ ಸಲ ಕುಡಿದವರು ‘ಕೆಟ್ಟಿದೆ’ ಅನ್ನುವುದು ಇದನ್ನೇ. ಬೇಕೆಂದೇ ಹಾಗೆ ಮಾಡಿರುವುದು. ಆಮೇಲೆ ತಡವಾಗಿ ಕೊಯ್ದ ದ್ರಾಕ್ಷಿಯದ್ದು ಅಥವಾ ಸಿಹಿ ಸಮೊರೊದ್ನಿ, ಐದು ಪುತ್ತೊನ್ಯೊಶ್, ಕೊನೆಗೆ ಆರು. ಅಸೂವಿನಲ್ಲಿ ಒಣ ಏಪ್ರಿಕಾಟ್, ಕಿತ್ತಳೆ ಸಿಪ್ಪೆ, ಜೇನು, ಸ್ವಲ್ಪ ಶುಂಠಿ, ಕೇಸರಿ ಸಿಗುತ್ತವೆ.

ಹೆಚ್ಚಿನ ಹಣ ಕೊಟ್ಟರೆ ಎಸೆನ್ಸಿಯಾ ಒಂದು ಚಮಚ ಸಿಗಬಹುದು. ಸುಕ್ಕಿದ ಹಣ್ಣಿನ ರಾಶಿ ತನ್ನ ಭಾರಕ್ಕೇ ಒಸರುವ ರಸ ಅದು. ಲೀಟರಿಗೆ ಕನಿಷ್ಠ 450 ಗ್ರಾಂ ಸಕ್ಕರೆ, ಅಷ್ಟು ಗಟ್ಟಿ ಇರುವುದರಿಂದ ಯೀಸ್ಟ್ ವರ್ಷಗಟ್ಟಲೆ ಕುಂಟುತ್ತಾ ಸಾಗುತ್ತದೆ. ಆಲ್ಕೋಹಾಲ್ ಶೇ 2ರಿಂದ 5ರಷ್ಟೇ. ಇದನ್ನು ಎಲ್ಲಕ್ಕಿಂತ ಕೊನೆಗೆ ತೆಗೆದುಕೊಳ್ಳಿ. ಅದಾದ ಮೇಲೆ ಬೇರೆ ಯಾವುದೂ ರುಚಿಸುವುದಿಲ್ಲ. ಅಸೂ ಕುಡಿದು ಮತ್ತೆ ಸಿಹಿಯಿಲ್ಲದ ಫುರ್ಮಿಂಟ್‌ಗೆ ಹಿಂದಿರುಗಿದರೂ ಅದು ಬರೀ ನಿಂಬೆರಸ ಅನ್ನಿಸುತ್ತದೆ. ಹಿಂದೆ ಹೋಗಿ ಹೋಲಿಸಬೇಕಿದ್ದರೆ ನೀರು ಕುಡಿದು, ಸಪ್ಪೆ ಬ್ರೆಡ್ ತಿಂದು, ಐದು ನಿಮಿಷ ಬಿಡಿ.

ಗ್ಲಾಸನ್ನು ಕಾಂಡದಲ್ಲಿ ಹಿಡಿಯಿರಿ. ಬಿಳಿ ಕಾಗದದ ಮೇಲೆ ಓರೆ ಮಾಡಿ ಬಣ್ಣ ನೋಡಿ. ಅಲ್ಲಾಡಿಸುವ ಮೊದಲು ಒಮ್ಮೆ ಮೂಸಿ. ಆಮೇಲೆ ಗ್ಲಾಸಿನ ಪಾದವನ್ನು ಮೇಜಿಗೆ ಒತ್ತಿ ಸಣ್ಣ ವೃತ್ತದಲ್ಲಿ ನಾಲ್ಕು ಸುತ್ತು ತಿರುಗಿಸಿ ಮತ್ತೆ ಮೂಸಿ. ಎರಡರ ನಡುವಿನ ವ್ಯತ್ಯಾಸವೇ ಮುಖ್ಯ. ಒಂದು ಚಹಾ ಚಮಚದಷ್ಟು ಬಾಯಿಗೆ ತೆಗೆದುಕೊಂಡು, ತುಟಿ ಸ್ವಲ್ಪ ತೆರೆದು ಗಾಳಿ ಎಳೆಯಿರಿ. ಸದ್ದು ಬಂದರೆ ಯಾರೂ ನಗುವುದಿಲ್ಲ. ನಾಲಿಗೆಯ ಪಕ್ಕಗಳಲ್ಲಿ ಜೊಲ್ಲು ಒಸರಿದರೆ ಹುಳಿ. ಒಸಡು ಒಣಗಿ ಹಿಡಿದುಕೊಂಡರೆ ಒಗರು. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯಿತು ಅಂತ ಮನಸ್ಸಿನಲ್ಲಿ ಎಣಿಸಿ. ಮೇಜಿನ ಮೇಲಿನ ಬಕೆಟ್ಟು ಉಗುಳುವುದಕ್ಕೇ ಇರುವುದು, ಗ್ಲಾಸಿನಲ್ಲಿ ಉಳಿದದ್ದನ್ನೂ ಅದಕ್ಕೆ ಸುರಿಯಬಹುದು. ಉಗುಳಲು ಮುಜುಗರವಾದರೆ ಹೊರಡುವ ಮೊದಲು ಸ್ನಾನದ ಮನೆಯಲ್ಲಿ ನೀರು ಬಳಸಿ ಅಭ್ಯಾಸ ಮಾಡಿ: ತುಟಿ ಚೂಪು ಮಾಡಿ ಒಂದೇ ಸಲಕ್ಕೆ ರಭಸದಿಂದ. ನಿಧಾನಿಸಿದರೆ ಅಂಗಿಯ ಮೇಲೆ.

ಕೆಲವು ಮಾಲೀಕರು ಲೊಪೋ ಎಂಬ ಉದ್ದನೆಯ ಗಾಜಿನ ಕೊಳವೆ ಇಳಿಸಿ ಪೀಪಾಯಿಯಿಂದಲೇ ಎಳೆದು ಕೊಡುತ್ತಾರೆ. ಮಬ್ಬಾಗಿರುತ್ತದೆ, ನಾಲಿಗೆಗೆ ಸಣ್ಣಗೆ ಚುರುಗುಟ್ಟಬಹುದು. ಅದಿನ್ನೂ ಮುಗಿದ ವೈನ್ ಅಲ್ಲ, ಅದರ ಮೇಲೆ ತೀರ್ಪು ಕೊಡಬೇಡಿ. ಗ್ಲಾಸಿನ ತಳದಲ್ಲಿ ಸಕ್ಕರೆ ಹರಳಿನಂತೆ ಕಂಡರೆ ಟಾರ್ಟಾರಿಕ್ ಆಮ್ಲದ ಲವಣ, ನಿರುಪದ್ರವಿ. ಕಡ್ಡಿ ಗೀರಿದ ವಾಸನೆ ಅಥವಾ ಕೊಳೆತ ಮೊಟ್ಟೆಯ ಸುಳಿವು ಬಂದರೆ ಜೋರಾಗಿ ತಿರುಗಿಸಿ, ಬಹುತೇಕ ಹಾರಿಹೋಗುತ್ತದೆ. ನೆಂದ ರಟ್ಟಿನ ವಾಸನೆ ಬಂದರೆ ಮಾತ್ರ ಬಿರಡೆಯ ದೋಷ. ಅದು ಹೋಗುವುದಿಲ್ಲ, ಹೊತ್ತು ಹೋದಂತೆ ಹೆಚ್ಚಾಗುತ್ತದೆ. ಆದರೆ ನೆಲಮಾಳಿಗೆಯ ಗಾಳಿಯಲ್ಲೇ ಆ ಬಗೆಯ ವಾಸನೆ ಇರುವುದರಿಂದ ಹೊಸಬರು ಮೋಸ ಹೋಗುತ್ತಾರೆ. ಗ್ಲಾಸನ್ನು ಮೆಟ್ಟಿಲ ಹತ್ತಿರ ತಂದು ಮತ್ತೊಮ್ಮೆ ಮೂಸಿ. ಆಗಲೂ ಇದ್ದರೆ ಮೆಲ್ಲಗೆ ಹೇಳಿ, ಬೇರೆ ಬಾಟಲಿ ತೆಗೆಯುವಂತೆ ಕೇಳುವುದರಲ್ಲಿ ತಪ್ಪಿಲ್ಲ.

ತೊಕಾಯ್ ಹೆಸರಿನಲ್ಲಿ ಕೆಂಪು ವೈನ್ ಇಲ್ಲ. ‘ಗೂಳಿ ರಕ್ತ’ ಎಂದು ಹೆಸರಾದ ಬಿಕಾವೇರ್ ಬೇಕಿದ್ದರೆ ಅದು ಎಗೆರ್ ಅಥವಾ ಸೆಕ್ಸಾರ್ದ್‌ನದು. ಬುಡಾಪೆಸ್ಟ್‌ನ ಟೇಸ್ಟಿಂಗ್‌ಗಳಲ್ಲಿ ಸಿಗುತ್ತದೆ. ನೆಲಮಾಳಿಗೆಯ ತಂಪಿನಲ್ಲೇ ಸುರಿದರೆ ಅದರ ಒಗರು ವಿಪರೀತವಾಗುತ್ತದೆ. ಬಟ್ಟಲನ್ನು ಎರಡೂ ಅಂಗೈಯಲ್ಲಿ ಹಿಡಿದು 16 ಡಿಗ್ರಿ ದಾಟುವವರೆಗೆ ಕಾಯಿರಿ. 1552ರ ಮುತ್ತಿಗೆಯಲ್ಲಿ ಎಗೆರ್ ಕೋಟೆಯ ಸೈನಿಕರ ಗಡ್ಡ ಕೆಂಪಾದ ಕಥೆ ಹೇಳುತ್ತಾರೆ, ಕೇಳಿ ಆನಂದಿಸಿ, ನಂಬಬೇಕಿಲ್ಲ. ತೊಕಾಯ್‌ನಲ್ಲೂ ಅಷ್ಟೇ: 17ನೇ ಶತಮಾನದಲ್ಲಿ ತುರ್ಕರ ಭಯಕ್ಕೆ ಕೊಯ್ಲು ತಡವಾಗಿ ಅಸೂ ಹುಟ್ಟಿತು ಅನ್ನುತ್ತಾರೆ, ಆದರೆ 1571ರ ಕಾಗದಪತ್ರದಲ್ಲೇ ಅಸೂ ಹೆಸರಿದೆ.

ತಿನ್ನುವ ವಿಷಯ. ಮೇಜಿನ ಮೇಲಿಡುವ ಪೊಗಾಚಾ ನೋಡಲು ಖಾರಾ ಬಿಸ್ಕೆಟ್ ತರಹ ಮುಗ್ಧವಾಗಿರುತ್ತದೆ. ‘ತೆಪೆರ್ತ್ಯೋಶ್’ ಎಂದರೆ ಒಳಗೆ ಹಂದಿ ಕೊಬ್ಬಿನ ಚೂರು. ‘ಶೊಯ್ತೋಶ್’ ಎಂದರೆ ಚೀಸ್‌ನದು, ಅದರಲ್ಲೂ ಹಂದಿ ಕೊಬ್ಬು ಬೆರೆಸಿರಬಹುದು, ಕೇಳಿ. ಬ್ರೆಡ್ ಮೇಲೆ ಬೆಣ್ಣೆಯಂತೆ ಬೆಳ್ಳಗೆ ಸವರಿದ್ದರೂ ಅದೇ ಅನುಮಾನ ಇರಲಿ. ಬುಕಿಂಗ್ ಮಾಡುವಾಗಲೇ ಸಸ್ಯಾಹಾರಿ ಎಂದು ಬರೆದು ಸಪ್ಪೆ ಬ್ರೆಡ್, ಅಕ್ರೋಟು, ಚೀಸ್ ಕೇಳಿ. ಕಟ್ಟುನಿಟ್ಟಿನವರಾದರೆ ಇನ್ನೊಂದು: ವೈನ್ ತಿಳಿಗೊಳಿಸಲು ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನ್, ಜೆಲಟಿನ್, ಮೀನಿನ ಅಂಟು ಬಳಸುವುದುಂಟು. ಯುರೋಪಿನ ಲೇಬಲ್‌ನಲ್ಲಿ ಮೊಟ್ಟೆ, ಹಾಲಿನ ಉಲ್ಲೇಖ ಬರಬಹುದು, ಉಳಿದೆರಡು ಬರುವುದಿಲ್ಲ. ಬೆಂಟೊನೈಟ್ ಜೇಡಿಮಣ್ಣಿನಿಂದ ತಿಳಿಗೊಳಿಸಿದ್ದೋ ಎಂದು ಮಾಲೀಕರನ್ನೇ ಕೇಳಿ.

ಇನ್ನು ಬಾಟಲಿ. ಭಾರತಕ್ಕೆ ಬರುವ ವಯಸ್ಕ ಪ್ರಯಾಣಿಕರಿಗೆ 2 ಲೀಟರ್ ಮದ್ಯಕ್ಕೆ ಸುಂಕವಿಲ್ಲ. ಅಸೂ ಬಾಟಲಿ ಅರ್ಧ ಲೀಟರ್, ಅಂದರೆ ನಾಲ್ಕು. ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಚೆಕ್-ಇನ್ ಪೆಟ್ಟಿಗೆಯ ನಡುವೆ ಇಡಿ. ಕೈಚೀಲದಲ್ಲಿ ಒಯ್ದರೆ ಭದ್ರತಾ ತಪಾಸಣೆಯಲ್ಲಿ ಕಳೆದುಕೊಳ್ಳುತ್ತೀರಿ. ಲೇಬಲ್‌ನಲ್ಲಿ ‘ಸಾರಜ್’ ಅಂದರೆ ಸಿಹಿಯಿಲ್ಲದ್ದು, ‘ಏದೆಶ್’ ಅಂದರೆ ಸಿಹಿ. 2013, 2017 ಅಸೂಗೆ ಒಳ್ಳೆಯ ವರ್ಷಗಳು. ದುಡ್ಡು ಹೆಚ್ಚೆನಿಸಿದರೆ ಸಿಹಿ ಸಮೊರೊದ್ನಿ ಕೊಳ್ಳಿ. ನನ್ನ ಲೆಕ್ಕದಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಸಿಗುವುದು ಅದರಲ್ಲೇ.

ಮನೆಯಲ್ಲಿ ತೆರೆದ ಅಸೂ ಫ್ರಿಜ್‌ನಲ್ಲಿ ಎರಡು ಮೂರು ವಾರ ಕೆಡುವುದಿಲ್ಲ, ಸಕ್ಕರೆಯೂ ಹುಳಿಯೂ ಕಾಯುತ್ತವೆ. ಸಿಹಿಯಿಲ್ಲದ ಫುರ್ಮಿಂಟ್ ಎರಡು ಮೂರು ದಿನಕ್ಕೆ ಮುಗಿಸಿ. ಬಡಿಸುವ ಸ್ವಲ್ಪ ಮೊದಲು ಹೊರಗೆ ತೆಗೆದರೆ ಸಾಕು, ಬೆಂಗಳೂರಿನ ಸೆಕೆಗೆ 12 ಡಿಗ್ರಿ ಬೇಗ ಬರುತ್ತದೆ. ನೆಂಟರು ಬಂದಾಗ ಮೈಸೂರು ಪಾಕ್ ಜೊತೆ ಮಾತ್ರ ಕೊಡಬೇಡಿ: ತಿಂಡಿ ವೈನ್‌ಗಿಂತ ಸಿಹಿಯಾದರೆ ವೈನ್ ತೆಳ್ಳಗೆ, ಬರೀ ಹುಳಿಯಾಗಿ ಕಾಣುತ್ತದೆ. ಉಪ್ಪು ಹಾಕಿ ಹುರಿದ ಗೋಡಂಬಿ, ನೀಲಿ ಗೆರೆಯ ಚೀಸ್ ಇದಕ್ಕೆ ಸರಿ.