ಬಾಯಲ್ಲಿ ನೂರು ಬರುತ್ತೆ, ಕೈಗೆ ಎಂಟು ಬರಲ್ಲ

ಮನೆಯಲ್ಲಿ ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ಐದು ವರ್ಷ, ಯುಕೆಜಿ. ಒಂದರಿಂದ ನೂರರವರೆಗೆ ಗಡಗಡ ಹೇಳುತ್ತಾನೆ, ಬರೆಯುತ್ತಾನೆ. ಆದರೆ ಮೊನ್ನೆ ನೆಂಟರು ಬಂದಾಗ "ಎಂಟು ಚಮಚ ತಗೊಂಡು ಬಾ" ಅಂದರೆ ಕೈಗೆ ಸಿಕ್ಕಷ್ಟು ತಂದ. ಏಳು ದೊಡ್ಡದೋ ಒಂಬತ್ತು ದೊಡ್ಡದೋ ಅಂದರೆ ಸುಮ್ನೆ ಊಹಿಸುತ್ತಾನೆ. ಟ್ಯೂಷನ್‌ಗೆ ಹಾಕಲೇ?
- ಒಬ್ಬ ತಾಯಿ, ದಾವಣಗೆರೆ

ಉತ್ತರ: ಬೇಡಮ್ಮ. ಐದು ವರ್ಷದ ಮಗುವಿಗೆ ಟ್ಯೂಷನ್ ಖಂಡಿತ ಬೇಡ. ನೂರರವರೆಗೆ ಹೇಳುವುದು ಹಾಡು ಬಾಯಿಪಾಠ ಮಾಡಿದ ಹಾಗೆ, ಅದು ಬಂದ ಮಾತ್ರಕ್ಕೆ ಎಣಿಕೆ ಬಂತು ಅಂತಲ್ಲ. ಎಣಿಸುವಾಗ ಒಂದು ವಸ್ತುವಿಗೆ ಒಂದೇ ಸಂಖ್ಯೆ ಹೇಳಬೇಕು, ಮತ್ತೆ ಕೊನೆಗೆ ಹೇಳಿದ ಸಂಖ್ಯೆಯೇ "ಒಟ್ಟು ಎಷ್ಟು" ಅನ್ನುವುದಕ್ಕೆ ಉತ್ತರ. ಈ ಎರಡನೆಯದು ನಮಗೆ ಎಷ್ಟು ರೂಢಿಯಾಗಿದೆ ಅಂದರೆ, ಅದನ್ನೂ ಮಗು ಕಲಿಯಬೇಕು ಅನ್ನುವುದೇ ನಮಗೆ ಹೊಳೆಯುವುದಿಲ್ಲ. ಹತ್ತು ಹುಣಸೆ ಬೀಜ ಕೊಟ್ಟು ಎಣಿಸಲು ಹೇಳಿ. ಮುಗಿದ ಮೇಲೆ "ಹಾಗಾದರೆ ಎಷ್ಟಿವೆ?" ಅಂತ ಕೇಳಿ. ಅವನು ಮತ್ತೆ ಒಂದರಿಂದ ಶುರು ಮಾಡಿದರೆ ಅಲ್ಲಿ ಕೆಲಸ ಇದೆ ಅಂತ ಅರ್ಥ, ಅಷ್ಟೇ. ಗಾಬರಿ ಬೇಡ.

ಬರೆಸುವುದನ್ನು ಸದ್ಯಕ್ಕೆ ಕಮ್ಮಿ ಮಾಡಿ. ಊಟಕ್ಕೆ ತಟ್ಟೆ ಎಷ್ಟು ಬೇಕು, ನಾವು ಐದು ಜನ, ಇಲ್ಲಿ ಮೂರಿವೆ, ಇನ್ನೆಷ್ಟು ತರ್ತೀಯ? ಇಂಥದ್ದನ್ನು ದಿನಾ ಕೇಳಿ.

ಒಂದು ಆಟ ಹೇಳುತ್ತೇನೆ. ಏಳು ಬೀಜ ನೆಲದ ಮೇಲಿಡಿ, ಅವನೇ ಎಣಿಸಲಿ. ಅವನು ಕಣ್ಣು ಮುಚ್ಚಿದಾಗ ಕೆಲವನ್ನು ಬಟ್ಟಲಿನಿಂದ ಮುಚ್ಚಿ. ಕಣ್ಣು ಬಿಟ್ಟರೆ ಹೊರಗೆ ನಾಲ್ಕು ಕಾಣುತ್ತವೆ, ಒಳಗೆ ಎಷ್ಟು? ಮೊದಮೊದಲು ಬಟ್ಟಲು ಎತ್ತಿ ನೋಡೋಣ ಅನ್ನುತ್ತಾನೆ, ನೋಡಲಿ ಬಿಡಿ. ಆಮೇಲೆ ಬೆರಳು ಮಡಚಲು ಶುರು ಮಾಡುತ್ತಾನೆ. ಇನ್ನೂ ಕೆಲವು ದಿನ ಕಳೆದರೆ ಬೆರಳೂ ಬೇಡ, "ಮೂರು!" ಅಂತ ಕೂಗುತ್ತಾನೆ. ಏಳು ಅಂದರೆ ನಾಲ್ಕು ಮತ್ತು ಮೂರು, ಐದು ಮತ್ತು ಎರಡು, ಆರು ಮತ್ತು ಒಂದು. ಇದು ಕೈಗೆ ಬಂದರೆ ಕೂಡುವುದು, ಕಳೆಯುವುದು ಎರಡೂ ಅರ್ಧ ಬಂದ ಹಾಗೇ. ಆಮೇಲೆ ಅವನು ಮುಚ್ಚಲಿ, ನೀವು ಹೇಳಿ. ಅಮ್ಮನಿಗೆ ಪ್ರಶ್ನೆ ಕೇಳುವ ಖುಷಿ ಮಕ್ಕಳಿಗೆ ಬೇರೆ ಯಾವುದರಲ್ಲೂ ಸಿಗುವುದಿಲ್ಲ.

ಯಾವ ಸಂಖ್ಯೆ ದೊಡ್ಡದು ಅನ್ನುವುದಕ್ಕೆ ಸಾಲುಮನೆ ಆಟ ಒಳ್ಳೆಯದು. ಸೀಮೆಸುಣ್ಣದಲ್ಲಿ ಹತ್ತು ಮನೆ ಸಾಲಾಗಿ ಬರೆದು 1ರಿಂದ 10 ಹಾಕಿ, ಚೀಟಿ ಎತ್ತಿ ಒಂದು ಅಥವಾ ಎರಡು ಮನೆ ಮುಂದೆ ಹೋಗುವ ಆಟ. 2008ರಲ್ಲಿ ಅಮೆರಿಕದಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಅನ್ನುವ ಸಂಶೋಧಕರು ಬಡ ಕುಟುಂಬಗಳ ಪುಟ್ಟ ಮಕ್ಕಳಿಗೆ ಇಂಥದ್ದೇ ಆಟ ಆಡಿಸಿದರು. ತಲಾ ಹದಿನೈದು ಇಪ್ಪತ್ತು ನಿಮಿಷದಂತೆ ನಾಲ್ಕೇ ಸಲ ಆಡಿದ ಮಕ್ಕಳಿಗೂ ಸಂಖ್ಯೆಗಳನ್ನು ಹೋಲಿಸುವುದು ಚೆನ್ನಾಗಿ ಬಂತು, ಒಂಬತ್ತು ವಾರದ ನಂತರವೂ ಉಳಿದಿತ್ತು. ಸಂಖ್ಯೆಯ ಬದಲು ಬಣ್ಣ ಇದ್ದ ಮನೆಗಳಲ್ಲಿ ಆಡಿದ ಮಕ್ಕಳಿಗೆ ಆ ಲಾಭ ಆಗಲಿಲ್ಲ.

ಆಡುವಾಗ ಒಂದು ಗಮನ ಇರಲಿ. ಕಾಯಿ 5ರಲ್ಲಿದೆ, ಎರಡು ಬಿತ್ತು ಅಂತಿಟ್ಟುಕೊಳ್ಳಿ. ಮಕ್ಕಳು "ಒಂದು, ಎರಡು" ಅಂತ ನಡೆಸುತ್ತಾರೆ. ಹಾಗಲ್ಲ, "ಆರು, ಏಳು" ಅಂತ ಮನೆಯ ಸಂಖ್ಯೆಯನ್ನೇ ಹೇಳಿಸಿ. ಹಾವು-ಏಣಿಯಲ್ಲೂ ಹೀಗೇ. ಆಟದಿಂದ ಕಲಿಯುವುದು ಹೆಚ್ಚಾಗಿ ಇದರಿಂದಲೇ. ಚೌಕಾಬಾರ ಸ್ವಲ್ಪ ದಿನ ಬಿಟ್ಟು ತೆಗೆಯಿರಿ. ನಾಲ್ಕು ಕವಡೆಯಲ್ಲಿ ಎಷ್ಟು ಅಂಗಾತ ಬಿದ್ದಿವೆ ಅಂತ ಎಣಿಸದೆ ನೋಡಿದ ಕೂಡಲೇ ಹೇಳುವ ಅಭ್ಯಾಸ ಅದರಲ್ಲಿ ಆಗುತ್ತದೆ. ನಾಲ್ಕೂ ಬೋರಲು ಬಿದ್ದರೆ ಎಂಟು ಅನ್ನುವುದು ಮಕ್ಕಳಿಗೆ ಬಲು ಇಷ್ಟ.

ಪ್ರಶ್ನೆ: ಮಗಳು ಮೂರನೇ ತರಗತಿ. ಮಗ್ಗಿ ಹೇಳು ಅಂದರೆ ಕಣ್ಣಲ್ಲಿ ನೀರು. ನಾವು ಕನ್ನಡದಲ್ಲಿ "ಎರಡೊಂದ್ಲ ಎರಡು" ಅಂತ ಕಲಿತವರು, ಅವಳ ಶಾಲೆಯಲ್ಲಿ ಇಂಗ್ಲಿಷ್. ಯಾವುದರಲ್ಲಿ ಕಲಿಸಬೇಕು?
- ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: ಯಾವುದರಲ್ಲಾದರೂ ಸರಿ ಸಾರ್, ಮನೆಯಲ್ಲಿ ಮನೆಮಾತಿನಲ್ಲೇ ಹೇಳಿಕೊಡಿ. ಅರ್ಥವಾದ ಲೆಕ್ಕವನ್ನು ಇಂಗ್ಲಿಷಿನಲ್ಲಿ ಹೇಳುವುದು ಕಷ್ಟವಲ್ಲ. ಮಗ್ಗಿ ಬಾಯಿಗೆ ಬರಲೇಬೇಕು, ಆ ವಿಷಯದಲ್ಲಿ ನಾನೂ ಹಳೇ ಕಾಲದವರ ಪಕ್ಷವೇ. ಆದರೆ ಅಳಿಸಿ ಅಲ್ಲ.

ಮೊದಲು ಕಣ್ಣಿಗೆ ಕಾಣಲಿ. ಇಡ್ಲಿ ಸ್ಟ್ಯಾಂಡಿನ ಒಂದು ತಟ್ಟೆಯಲ್ಲಿ ನಾಲ್ಕು ಗುಳಿ, ಮೂರು ತಟ್ಟೆಗೆ ಎಷ್ಟು ಇಡ್ಲಿ? ಅಂಗಡಿಯ ಮೊಟ್ಟೆ ಟ್ರೇ ನೋಡಿ, ಐದರ ಆರು ಸಾಲು, ಮೂವತ್ತು. ಅದನ್ನೇ ಅಡ್ಡ ತಿರುಗಿಸಿದರೆ ಆರರ ಐದು ಸಾಲು. ಮೊಟ್ಟೆ ಜಾಸ್ತಿಯೂ ಆಗಲಿಲ್ಲ, ಕಮ್ಮಿಯೂ ಆಗಲಿಲ್ಲ. ಇದನ್ನು ಅವಳೇ ತಿರುಗಿಸಿ ನೋಡಲಿ, ಯಾಕೆಂದರೆ ಇದು ಗೊತ್ತಾದ ಕ್ಷಣವೇ ಮಗ್ಗಿ ಪುಸ್ತಕದ ಹೆಚ್ಚುಕಮ್ಮಿ ಅರ್ಧ ಭಾರ ಇಳಿಯುತ್ತದೆ. ಹತ್ತರವರೆಗಿನ ನೂರು ಲೆಕ್ಕದಲ್ಲಿ ತಿರುಗುಮುರುಗಾದವನ್ನು ಬಿಟ್ಟರೆ ಉಳಿಯುವುದು 55. ಅದರಲ್ಲಿ ಒಂದು, ಎರಡು, ಐದು, ಹತ್ತರ ಮಗ್ಗಿ ಮಕ್ಕಳಿಗೆ ಸಲೀಸು. ಅವನ್ನೂ ತೆಗೆದರೆ ಕಷ್ಟಪಟ್ಟು ಕಲಿಯಬೇಕಾದವು ಬರೀ 21! ಒಂದು ಹಾಳೆಯಲ್ಲಿ ಚೌಕ ಹಾಕಿ, ಗೊತ್ತಿರುವ ಮನೆಗಳಿಗೆಲ್ಲ ಅವಳ ಕೈಯಿಂದಲೇ ಬಣ್ಣ ತುಂಬಿಸಿ. ಉಳಿದ ಮನೆಗಳು ಎಷ್ಟು ಕಮ್ಮಿ ಅಂತ ಅವಳಿಗೇ ಕಾಣಲಿ.

ಆರೇಳ್ಲ ಎಷ್ಟು ಅಂತ ಮರೆತರೆ ಮೊದಲಿಂದ ಹೇಳಿಸಬೇಡಿ. ಆರೈದ್ಲ ಮೂವತ್ತು ಗೊತ್ತಲ್ವಾ, ಇನ್ನೆರಡು ಆರು ಸೇರಿಸಿದರೆ ನಲವತ್ತೆರಡು. ಮರೆತರೂ ಮತ್ತೆ ಕಟ್ಟಿಕೊಳ್ಳಬಹುದು ಅನ್ನುವ ಧೈರ್ಯ ಬಂದ ಮಗು ಅಳುವುದಿಲ್ಲ.

ಪ್ರಶ್ನೆ: ನನಗೇ ಲೆಕ್ಕ ಅಂದರೆ ಭಯ. ಎರಡನೇ ಕ್ಲಾಸಿನ ಮಗನ ಹೋಂವರ್ಕ್ ಮಾಡಿಸುವಾಗ ಇಬ್ಬರಿಗೂ ಜಗಳ. ನನ್ನ ಭಯ ಅವನಿಗೂ ಹತ್ತುತ್ತದಾ?
- ಓದುಗರು, ಬೆಂಗಳೂರು

ಉತ್ತರ: ಹತ್ತಬಹುದು, ಅದಕ್ಕೇ ಈಗಲೇ ಕೇಳಿದ್ದು ಒಳ್ಳೆಯದಾಯಿತು. 2015ರಲ್ಲಿ ಅಮೆರಿಕದಲ್ಲಿ ಒಂದು ಮತ್ತು ಎರಡನೇ ತರಗತಿ ಮಕ್ಕಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಲೆಕ್ಕದ ಭಯ ಇರುವ ಅಪ್ಪ ಅಮ್ಮ ಪದೇ ಪದೇ ಹೋಂವರ್ಕ್‌ಗೆ ಕೂತ ಮನೆಗಳಲ್ಲಿ ಮಕ್ಕಳು ಕಲಿತದ್ದು ಕಮ್ಮಿ, ವರ್ಷದ ಕೊನೆಗೆ ಅವರ ಭಯ ಜಾಸ್ತಿ. ಅದೇ ವರ್ಷ ಬಂದ ಇನ್ನೊಂದು ಅಧ್ಯಯನದಲ್ಲಿ, ಮಲಗುವ ಮುಂಚೆ ಒಂದು ಪುಟ್ಟ ಕಥೆ ಓದಿ ಅದರ ಮೇಲೆ ಲೆಕ್ಕದ ಪ್ರಶ್ನೆ ಮಾತಾಡಿಕೊಂಡ ಮನೆಗಳಲ್ಲಿ ಮಕ್ಕಳ ಕಲಿಕೆ ಸುಧಾರಿಸಿತು. ಹೆಚ್ಚು ಲಾಭ ಆದದ್ದು ಭಯ ಇರುವ ತಂದೆತಾಯಿಯರ ಮಕ್ಕಳಿಗೇ! ಹಾಗಾಗಿ ಲೆಕ್ಕದಿಂದ ದೂರ ಹೋಗಬೇಡಿ, ಹೋಂವರ್ಕ್ ಜಗಳದಿಂದ ದೂರ ಹೋಗಿ. ಅದನ್ನು ಮನೆಯಲ್ಲಿ ಬೇರೆ ಯಾರಾದರೂ ನೋಡಿಕೊಳ್ಳಲಿ. ಇಲ್ಲವಾದರೆ ಅರ್ಧಕ್ಕೇ ನಿಲ್ಲಿಸಿ ಟೀಚರ್‌ಗೆ ಒಂದು ಚೀಟಿ ಬರೆದು ಕಳಿಸಿ.

ತಪ್ಪು ಕಂಡಾಗ ಅಳಿಸುವ ರಬ್ಬರ್ ಕೈಗೆ ತಗೋಬೇಡಿ. 42ರಲ್ಲಿ 17 ಕಳೆದು 35 ಅಂತ ಬರೆದಿದ್ದಾನೆ ಅನ್ನಿ. "ಹೇಗೆ ಬಂತು, ಹೇಳು" ಅನ್ನಿ. ಎರಡರಲ್ಲಿ ಏಳು ಹೋಗಲ್ಲ, ಅದಕ್ಕೆ ಏಳರಲ್ಲಿ ಎರಡು ತೆಗೆದೆ ಅನ್ನುತ್ತಾನೆ. ನೋಡಿ, ಅವನು ಯೋಚಿಸಿಯೇ ಮಾಡಿದ್ದಾನೆ. ನಾಲ್ಕು ಹತ್ತರ ನೋಟು, ಎರಡು ಒಂದು ರೂಪಾಯಿ ನಾಣ್ಯ ಕೈಗೆ ಕೊಟ್ಟು ಹದಿನೇಳು ರೂಪಾಯಿ ಕೊಡು ಅನ್ನಿ. ಚಿಲ್ಲರೆ ಮುರಿಸಲೇಬೇಕು ಅಂತ ಅವನಿಗೇ ಹೊಳೆಯುತ್ತದೆ. ಈಗ ನಾವೆಲ್ಲ ಫೋನಿನಲ್ಲೇ ದುಡ್ಡು ಕೊಡುವುದರಿಂದ ಮಕ್ಕಳು ಚಿಲ್ಲರೆ ಮುಟ್ಟುವುದೇ ಅಪರೂಪ. ವಾರಕ್ಕೊಮ್ಮೆ ತರಕಾರಿಗಾದರೂ ನಗದು ಕೊಡಿ, ಅವನ ಕೈಯಿಂದ. ಸರಿ ಉತ್ತರ ಬಂದಾಗಲೂ "ಹೇಗೆ ಬಂತು" ಅಂತ ಕೇಳಿ, ಇಲ್ಲವಾದರೆ ಆ ಪ್ರಶ್ನೆ ಬಂತು ಅಂದರೆ ತಪ್ಪಾಗಿದೆ ಅಂತ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ.

ಪ್ರಶ್ನೆ: ಅಟ್ಟದಲ್ಲಿ ಹಳೆಯ ಚೆನ್ನೆಮಣೆ ಸಿಕ್ಕಿತು. ಆರು ವರ್ಷದ ಮೊಮ್ಮಗಳಿಗೆ ಆಡಿಸಬಹುದೇ?
- ಒಬ್ಬ ಅಜ್ಜಿ, ಪುತ್ತೂರು

ಉತ್ತರ: ಧಾರಾಳವಾಗಿ ಆಡಿಸಿ ಅಮ್ಮ, ತುಳುನಾಡಿನಲ್ಲಿ ಈ ಆಟ ಆಡುವ ರೂಢಿಯಿರುವ ಮಳೆಗಾಲದ ಆಟಿ ತಿಂಗಳು ಬರುವವರೆಗೂ ಕಾಯಬೇಡಿ. ಹದಿನಾಲ್ಕು ಗುಳಿಗೆ ನಾಲ್ಕು ನಾಲ್ಕು ಕಾಳು ತುಂಬುವ ಕೆಲಸ ಅವಳದೇ ಆಗಲಿ, ನಾಲ್ಕು, ಎಂಟು, ಹನ್ನೆರಡು ಅಂತ ಹೇಳಿಕೊಂಡು. ಕಾಳು ಹಂಚುವ ಮುಂಚೆ "ಕೊನೇ ಕಾಳು ಎಲ್ಲಿ ಬೀಳುತ್ತದೆ?" ಅಂತ ಕೇಳಿ. ಗುಳಿ ಮೇಲೆ ಬೆರಳಿಡಲಿ, ಆಮೇಲೆ ಹಂಚಲಿ. ಒಂದು ಎಚ್ಚರಿಕೆ: ಮಣೆಯ ಜೊತೆ ಗುಲಗಂಜಿ ಇದ್ದರೆ ತೆಗೆದುಬಿಡಿ, ಅಗಿದರೆ ಅದು ಕಡು ವಿಷ. ಹುಣಸೆ ಬೀಜ ಸಾಕು. ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದರೆ ಆಟ ಮುಗಿದ ಕೂಡಲೇ 56 ಬೀಜವೂ ಡಬ್ಬಿಗೆ ಬಂದವಾ ಅಂತ ಎಣಿಸಿಡಿ. ಆ ಎಣಿಕೆಯೂ ಮೊಮ್ಮಗಳದೇ.