ಪಾವತಿಯಲ್ಲಿ ಸರ್ವೆ ನಂಬರೇ ಇರಲಿಲ್ಲ

ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ದುಡ್ಡಿನ ಲೆಕ್ಕ ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ.

2025ರ ದೀಪಾವಳಿ ಮುಗಿದ ವಾರ ಅವರು ವಿಜಯಪುರದ ನನ್ನ ಆಪ್ತಸಲಹೆ ಕೋಣೆಗೆ ಬಂದರು. ಗಂಡ ಸರಕಾರಿ ಶಾಲೆಯ ಮಾಸ್ತರು, 38 ವರ್ಷ. ಹೆಂಡತಿ ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಾರೆ. ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಬಂದ ಕಾರಣ ಕೇಳಿದಾಗ ಮಾಸ್ತರು ಹೇಳಿದ್ದು ಎರಡೇ ಮಾತು: "ನಿದ್ದಿ ಬರೂದಿಲ್ಲ ಮೇಡಂ. ಮಕ್ಕಳ ಮ್ಯಾಲೆ ಸುಮ್‌ಸುಮ್ನೆ ಸಿಟ್ಟಿಗೇಳ್ತೀನಿ."

ಹೆಂಡತಿ ಏನೂ ಮಾತಾಡಲಿಲ್ಲ. ಅರ್ಧ ಗಂಟೆ ಆದ ಮೇಲೆ ಎರಡೂ ಕೈ ಮೇಜಿನ ಮೇಲೆ ಚಾಚಿದರು. ಹಸಿರು ಗಾಜಿನ ಬಳೆ ಬಿಟ್ಟರೆ ಬೇರೇನೂ ಇರಲಿಲ್ಲ. "ಇಲ್ಲಿ ನಮ್ಮವ್ವ ಹಾಕಿದ ಪಾಟ್ಲಿ ಇದ್ದೂರಿ. ಹಬ್ಬಕ್ಕ ಹಾಕ್ಕೊಳ್ಳೂಣು ಅಂತ ಟ್ರಂಕ್ ತಗದ್ರ ಇರಲಿಲ್ಲ. ಕಳುವಾಗ್ಯಾವ ಅಂತ ಅಳಕೋತ ಕೂತೆ. ಇವರು ಒಂದ್ ದಿನ ಪೂರ್ತಿ ಬಾಯಿ ಬಿಡಲಿಲ್ಲ."

ಆಮೇಲೆ ವಿಷಯ ಹೊರಗೆ ಬಂತು. ಆ ಬಂಗಾರದ ಪಾಟ್ಲಿ ಅಡವಿಟ್ಟು ಮಾಸ್ತರು ಎರಡು ಪ್ಲಾಟಿಗೆ ಸಂಚಕಾರ, ಅಂದ್ರೆ ಮುಂಗಡ ಕೊಟ್ಟಿದ್ದರು. ಒಂದೊಂದು 30×40 ಅಡಿಯ ಪ್ಲಾಟು, ತಲಾ 6 ಲಕ್ಷ. ಮೊದಲು 1 ಲಕ್ಷ, ಆಮೇಲೆ ತಿಂಗಳಿಗೆ 10 ಸಾವಿರದಂತೆ 36 ಕಂತು, ಉಳಿದ 1.4 ಲಕ್ಷ ಖರೀದಿ ಪತ್ರದ ದಿನ. ಎರಡು ಪ್ಲಾಟು ಅಂದ್ರೆ ತಿಂಗಳಿಗೆ 20 ಸಾವಿರ. ಅವರ ಕೈಗೆ ಬರುವ ಪಗಾರ 52 ಸಾವಿರ. ಏಳು ಕಂತು ಕಟ್ಟಿ ಆಗಿತ್ತು. ಒಟ್ಟು 3.4 ಲಕ್ಷ ಹೋಗಿತ್ತು, ಎಲ್ಲ ನಗದು ರೊಕ್ಕದಲ್ಲೇ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ರಿಯಲ್ ಎಸ್ಟೇಟ್‌ನ್ಯಾಗ ಸಣ್ಣದಾಗಿ ಶುರು ಮಾಡೂಣು ಅಂತ ಮಾಡಿದೆ. ತಪ್ಪೇನ್ರಿ ಇದ್ರಾಗ?" ಅಂದರು.

ತಪ್ಪಿಲ್ಲ. ಇದನ್ನು ನಾನು ಮೊದಲೇ ಹೇಳಿದೆ, ಈಗಲೂ ಹೇಳುತ್ತೇನೆ. ಪಗಾರದ ಮೇಲೆ ಬದುಕುವವರು ನಾಲ್ಕು ಕಾಸು ಉಳಿಸಿ ಒಂದು ತುಂಡು ಜಾಗ ಮಾಡಿಕೊಳ್ಳಬೇಕು ಅನ್ನೋದು ಒಳ್ಳೆಯ ಆಸೆ. ಆದರೆ ಹೆಂಡತಿಗೆ ಹೇಳದೆ ಮಾಡುವಷ್ಟು ಅವಸರ ಎಲ್ಲಿಂದ ಬಂತು? ನನಗೆ ಬೇಕಾಗಿದ್ದದ್ದು ಆ ಉತ್ತರ.

ಎರಡನೇ ಸಲ ಇಬ್ಬರನ್ನೂ ಬೇರೆ ಬೇರೆ ಕೂಡಿಸಿ ಮಾತಾಡಿದೆ. ಮಾಸ್ತರಿಗೆ ಒಂದೇ ಪ್ರಶ್ನೆ ಕೇಳಿದೆ: ಪ್ಲಾಟು ಬೇಕು ಅಂತ ಮೊದಲು ಅನ್ನಿಸಿದ್ದು ಯಾವ ದಿನ? ಅವರಿಗೆ ದಿನವೇ ನೆನಪಿತ್ತು. ನಾದಿನಿಯ ಕುಬಸದ (ಸೀಮಂತದ) ದಿನ. ಊಟ ಆದ ಮೇಲೆ ಗಂಡಸರು ಕಟ್ಟೆ ಮೇಲೆ ಕೂತಿದ್ದರು. ಷಡ್ಡಕ 2015ರಲ್ಲಿ 4 ಲಕ್ಷ ಕೊಟ್ಟು ಹಿಡಿದ ಪ್ಲಾಟಿಗೆ ಈಗ 14 ಲಕ್ಷ ರೇಟು ಅಂತ ಮಾತು ಬಂತು. ಮಾವನವರು ಷಡ್ಡಕನ ಪಕ್ಕ ಸರಿದು ಕೂತು ವಿವರ ಕೇಳಿದರಂತೆ. ಆಮೇಲೆ ಇವರ ಕಡೆ ತಿರುಗಿ, "ಮತ್ತ ಮಾಸ್ತರ, ಪಗಾರ ಆತೇನ್ರಿ?" ಅಂದರಂತೆ.

ಅಷ್ಟೇ. ಮಾವನವರು ಚುಚ್ಚಬೇಕು ಅಂತ ಕೇಳಿರಲಿಕ್ಕಿಲ್ಲ. ಆದರೆ ಆ ಮಾತು ಹೇಳುವಾಗ ಮಾಸ್ತರ ದನಿ ನಡುಗಿತು. ಮಾರನೇ ವಾರವೇ ಅವರು ಒಬ್ಬ ಏಜೆಂಟನ ಬೈಕಿನ ಹಿಂದೆ ಕೂತು ಜಾಗ ನೋಡಿ ಬಂದಿದ್ದರು.

ಇಂಥ ಪ್ರಕರಣ ನನ್ನ ಹತ್ತಿರ ಇದೊಂದೇ ಅಲ್ಲ. ಜಾಗದ ಲೆಕ್ಕ ಹಾಕಿ ಜಾಗ ಹಿಡಿದವರು ನನ್ನ ಹತ್ತಿರ ಬರುವುದು ಕಡಿಮೆ. ಬೀಗರ ಎದುರು ಕುಗ್ಗಿದ ದಿನ ಜಾಗ ಹಿಡಿದವರು ಬರುತ್ತಾರೆ. ಕುಗ್ಗಿದ ಮನಸ್ಸಿಗೆ ಕಾಗದ ಓದುವ ತಾಳ್ಮೆ ಇರೋದಿಲ್ಲ. "ಎರಡೇ ಪ್ಲಾಟ್ ಉಳದಾವ ಸರ್, ಸಂಜಿಕ ಮತ್ತೊಬ್ಬರು ಬರಾಕತ್ತಾರ" ಅನ್ನೋ ಮಾತು ನೇರ ಅಲ್ಲಿಗೇ ನಾಟುತ್ತದೆ.

ಷಡ್ಡಕನ ಲೆಕ್ಕವನ್ನೇ ಮೊದಲು ತೆಗೆದೆವು. ಹತ್ತು ವರ್ಷದಲ್ಲಿ 4 ಲಕ್ಷ 14 ಲಕ್ಷ ಆಯಿತು ಅಂದ್ರೆ ವರ್ಷಕ್ಕೆ ನೂರಕ್ಕೆ 13ರ ಮೇಲೆ. ಚೆನ್ನಾಗಿದೆ. ಆದರೆ 14 ಅನ್ನೋದು ಕೇಳುವ ರೇಟು, ಕೈಗೆ ಬಂದ ರೇಟಲ್ಲ. ಷಡ್ಡಕನಿಗೆ ನಿಜವಾಗಿ ಕೊಡುತ್ತೇನೆ ಅಂತ ಬಂದವರು ಎಷ್ಟು ಹೇಳಿದ್ದರು? ಹೆಂಡತಿಗೆ ತಂಗಿಯಿಂದ ಗೊತ್ತಿತ್ತು: 9 ಲಕ್ಷ. ಹಾಗಾದ್ರೆ ವರ್ಷಕ್ಕೆ ಎಂಟೂವರೆ. ಅದೂ ನೋಂದಣಿ ಖರ್ಚು, ತೆರಿಗೆ ಕಳೆಯದೆ. ಮಾಸ್ತರು ಕ್ಯಾಲ್ಕ್ಯುಲೇಟರನ್ನು ಎರಡು ಸಲ ಒತ್ತಿ ನೋಡಿದರು. ಆರು ತಿಂಗಳಿಂದ ಎದೆ ಮೇಲೆ ಕೂತಿದ್ದ ಕಲ್ಲು ಸ್ವಲ್ಪ ಸರಿದದ್ದು ಅವರ ಮುಖದಲ್ಲಿ ಕಂಡಿತು.

ಆಮೇಲೆ ಚೀಲದಲ್ಲಿದ್ದ ಕಾಗದ ಹೊರಗೆ ತೆಗೆಸಿದೆ. ಮೊದಲು ಬಣ್ಣದ ನಕ್ಷೆ. ಹಸಿರು ಉದ್ಯಾನ, 40 ಅಡಿ ರಸ್ತೆ, ಮೂಲೆಯಲ್ಲಿ ಒಂದು ವಿಮಾನದ ಚಿತ್ರ. ವಿಜಯಪುರದ ಹತ್ತಿರದ ಬುರಣಾಪುರದ ವಿಮಾನ ನಿಲ್ದಾಣ ನಕ್ಷೆಯಲ್ಲಿ ಬೆರಳು ದೂರ. ಆ ನಿಲ್ದಾಣಕ್ಕೆ ಅಡಿಗಲ್ಲು ಬಿದ್ದದ್ದು 2021ರಲ್ಲಿ. ಇವರು ಬಂದ ಹೊತ್ತಿಗೆ ಇನ್ನೂ ವಿಮಾನ ಹಾರಾಟ ಶುರುವಾಗಿರಲಿಲ್ಲ. ನಿಲ್ದಾಣ ಆಗಿಯೇ ಆಗುತ್ತದೆ ಅಂತಿಟ್ಟುಕೊಂಡರೂ, ಅದರ ಬೆಲೆಯನ್ನು ಮಾರುವವರು ಇವರಿಂದ ಮೊದಲೇ ತೆಗೆದುಕೊಂಡಿದ್ದರು ಅಲ್ವಾ?

ನಕ್ಷೆಯ ಕೆಳಗೆ ಪಾವತಿ, ಅಂದ್ರೆ ದುಡ್ಡು ಮುಟ್ಟಿದ ರಸೀದಿ. ಅಂಗೈ ಅಗಲದ ಗುಲಾಬಿ ಕಾಗದ. "ಪ್ಲಾಟ್ ನಂ. 47, ರೂ. 1,00,000 ಮುಟ್ಟಿತು." ಒಂದು ಸಹಿ, ಒಂದು ಮೊಬೈಲ್ ನಂಬರು. ಸರ್ವೆ ನಂಬರು ಇಲ್ಲ. ಊರ ಹೆಸರಿಲ್ಲ. ಜಮೀನಿನ ಮಾಲೀಕರ ಹೆಸರಿಲ್ಲ. ನಾನು ಆ ಕಾಗದವನ್ನು ಹೆಂಡತಿಯ ಮುಂದೆ ಇಟ್ಟೆ. ಆಕೆ ನಿಧಾನಕ್ಕೆ ಓದಿ ಗಂಡನಿಗೆ ಕೇಳಿದರು: "47 ಅಂದ್ರ ಯಾರ ಹೊಲದಾಗಿನ 47?"

ಮಾಸ್ತರು ಅಲ್ಲೇ ಏಜೆಂಟನಿಗೆ ಫೋನ್ ಹಚ್ಚಿದರು. ಸರ್ವೆ ನಂಬರ್ ಕೇಳಿದ್ದಕ್ಕೆ ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು. "ಯಾಕ್ರಿ ಸರ್, ನಮ್ಮ ಮ್ಯಾಲೆ ನಂಬಿಕಿ ಇಲ್ಲೇನು?" ಈ ಮಾತಿಗೆ ನಮ್ಮ ಭಾಗದ ಮಂದಿ ಸೋತುಬಿಡುತ್ತಾರೆ. ಕಾಗದ ಕೇಳಿದರೆ ಮನುಷ್ಯನನ್ನು ಅವಮಾನ ಮಾಡಿದ ಹಾಗೆ ಅನ್ನಿಸುತ್ತದೆ. ಮಾಸ್ತರು ಕ್ಷಮೆ ಕೇಳುವ ದನಿಯಲ್ಲಿ ಫೋನ್ ಇಟ್ಟರು. ಹಾಗಾಗಿ ಆ ದಿನ ನಾವು ಅಭ್ಯಾಸ ಮಾಡಿದ್ದು ಒಂದು ವಾಕ್ಯವನ್ನು: "ನಂಬಿಕಿ ಐತ್ರಿ, ಉತಾರನೂ ಬೇಕು." ಉತಾರ ಅಂದ್ರೆ ಪಹಣಿ. ಅವರಿಗೆ ಆ ವಾಕ್ಯವನ್ನು ನಾಲ್ಕೈದು ಸಲ ಜೋರಾಗಿ ಹೇಳಿಸಿದೆ. ಮಕ್ಕಳಿಗೆ ಪಾಠ ಹೇಳುವ ಮನುಷ್ಯ, ಈ ಒಂದು ವಾಕ್ಯಕ್ಕೆ ಬೆವತಿದ್ದರು.

ಸರ್ವೆ ನಂಬರ್ ಸಿಕ್ಕಿದ್ದು ವಾರದ ಮೇಲೆ. ಭೂಮಿ ವೆಬ್‌ಸೈಟಿನಲ್ಲಿ ಉತಾರ ತೆಗೆದುಕೊಂಡು ಬಂದರು. ಉತಾರ ಓದುವುದು ಕಷ್ಟವಲ್ಲ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ನೇ ಕಾಲಂನಲ್ಲಿ ಬೋಜಾ (ಸಾಲದ ಭಾರ) ಮತ್ತು ಬೇರೆ ಹಕ್ಕು. ಈ ಉತಾರದ 9ರಲ್ಲಿ ನಾಲ್ಕು ಜನ ಅಣ್ಣತಮ್ಮಂದಿರು, ಜಂಟಿ. ವಾಟ್ನಿ, ಅಂದ್ರೆ ಪಾಲು ಆಗಿಲ್ಲ. ಮಾರುವ ಮಾತಾಡಿದ್ದು ಅವರಲ್ಲಿ ಒಬ್ಬರು ಮಾತ್ರ. ಅಕ್ಕತಂಗಿಯರ ಹೆಸರು ಕಾಣಲಿಲ್ಲ. 2005ರ ತಿದ್ದುಪಡಿಯಿಂದ ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮ ಪಾಲು, ನಾಳೆ ಅವರು ಬಂದು ಕೇಳಬಹುದು. 11ರಲ್ಲಿ ಸೊಸೈಟಿ ಸಾಲದ ಬೋಜಾ. ಎಲ್ಲಕ್ಕಿಂತ ದೊಡ್ಡದು, ಅದು ಇನ್ನೂ ಬೇಸಾಯದ ಹೊಲ. ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಬೇಸಾಯೇತರ ಬಳಕೆಗೆ ಪರಿವರ್ತನೆ, ಅಂದ್ರೆ ಎನ್‌ಎ ಆಗಿರಲಿಲ್ಲ. ಎನ್‌ಎ ಇಲ್ಲ ಅಂದಮೇಲೆ ಲೇಔಟ್ ಮಂಜೂರಾತಿಯ ಮಾತೇ ಇಲ್ಲ. ಆ 47 ಇದ್ದದ್ದು ಬಣ್ಣದ ಕಾಗದದ ಮೇಲೆ ಮಾತ್ರ.

ರೇರಾ, ಅಂದ್ರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ನೋಂದಣಿ ಕೂಡ ಇರಲಿಲ್ಲ. 2016ರ ಈ ಕಾಯ್ದೆ ಬಂದದ್ದೇ ಇಂಥವರಿಗಾಗಿ. 500 ಚದರ ಮೀಟರಿಗಿಂತ ದೊಡ್ಡ ಲೇಔಟ್ ಆದರೆ ರೇರಾದಲ್ಲಿ ನೋಂದಣಿ ಆಗದೆ ಜಾಹೀರಾತು ಕೊಡುವ ಹಾಗಿಲ್ಲ, ಬುಕಿಂಗ್ ತಗೊಳ್ಳುವ ಹಾಗಿಲ್ಲ. ಬೆಲೆಯ ನೂರಕ್ಕೆ 10ಕ್ಕಿಂತ ಜಾಸ್ತಿ ಮುಂಗಡ ಬೇಕಂದ್ರೆ ಮೊದಲು ಕರಾರು ಪತ್ರ ನೋಂದಣಿ ಆಗಬೇಕು. ಇಲ್ಲಿ ಇದ್ಯಾವುದೂ ಇಲ್ಲದೆ, 6 ಲಕ್ಷದ ಪ್ಲಾಟಿಗೆ ಮೊದಲ ದಿನವೇ 1 ಲಕ್ಷ ರೊಕ್ಕ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೂ ಜಾಸ್ತಿ ಮುಂಗಡವನ್ನು ರೊಕ್ಕದಲ್ಲಿ ತಗೊಳ್ಳೋದಕ್ಕೆ ಆದಾಯ ತೆರಿಗೆ ಕಾಯ್ದೆಯ ತಡೆಯೂ ಇದೆ. ಚೆಕ್ಕಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿನ ದಾಖಲೆಯಾದರೂ ಕೈಯಲ್ಲಿ ಇರುತ್ತಿತ್ತು.

ಇನ್ನೊಂದು ಮಾತು ಮಾಸ್ತರಿಗೆ ಹೊಳೆದೇ ಇರಲಿಲ್ಲ. ಸರಕಾರಿ ನೌಕರರು ಸ್ಥಿರಾಸ್ತಿ ಕೊಳ್ಳುವ ಮೊದಲು ಮೇಲಧಿಕಾರಿಗೆ ತಿಳಿಸಬೇಕು, ವರ್ಷ ವರ್ಷ ಆಸ್ತಿ ವಿವರ ಕೊಡಬೇಕು. ಹೆಂಡತಿಯಿಂದ ಮುಚ್ಚಿಟ್ಟದ್ದು ಇಲಾಖೆಯಿಂದಲೂ ಮುಚ್ಚಿಟ್ಟ ಹಾಗಾಗಿತ್ತು. ನಿದ್ದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ನನ್ನ ಕೆಲಸ ಮನಸ್ಸಿನದು. ಜಮೀನಿನ ಕಾನೂನಿಗೆ ಅವರನ್ನು ಸಿವಿಲ್ ವಕೀಲರ ಹತ್ತಿರ ಕಳಿಸಿದೆ. ನಾನು ಹೇಳಿದ್ದು ಇಷ್ಟು. ಇವತ್ತಿನಿಂದ ಕಂತು ನಿಲ್ಲಿಸಿ. "ಇಷ್ಟು ಕಟ್ಟೀನಿ, ಈಗ ಬಿಟ್ಟರ ಎಲ್ಲಾ ಹೋಗ್ತೈತಿ" ಅಂತ ಅನ್ನಿಸೋದು ಸಹಜ, ಆದರೆ ಎಂಟನೇ ಕಂತು ಮೊದಲ ಏಳನ್ನು ವಾಪಸ್ ತರೋದಿಲ್ಲ. ಉಳಿಯುವ 20 ಸಾವಿರ ಮೊದಲು ಪಾಟ್ಲಿ ಬಿಡಿಸಲಿಕ್ಕೆ ಹೋಗಲಿ. ಪಾಟ್ಲಿ ಹೆಂಡತಿಯ ಕೈಗೆ ಬರುವ ತನಕ ಮನೆಯಲ್ಲಿ ಹೊಸ ಪ್ಲಾಟಿನ ಮಾತು ಬೇಡ. ದುಡ್ಡು ವಾಪಸ್ ಕೇಳಲಿಕ್ಕೆ ಇಬ್ಬರೂ ಕೂಡಿ ಹೋಗಿ, ಒಬ್ಬರೇ ಹೋಗಬೇಡಿ.

ಹೆಂಡತಿಗೆ ಹೇಳಿದ್ದು ಬೇರೆ. ಸಿಟ್ಟು ಬರಲಿ, ಅದು ನ್ಯಾಯವಾದ ಸಿಟ್ಟು. ಆದರೆ ತವರಿಗೆ ಫೋನ್ ಮಾಡಿ ಈ ವಿಷಯ ಹೇಳುವ ಮೊದಲು ಒಂದು ತಿಂಗಳು ತಡೆಯಿರಿ ಅಂದೆ. ಷಡ್ಡಕನ ಕಿವಿಗೆ ಬಿದ್ದರೆ ಮಾಸ್ತರು ಸೋತದ್ದನ್ನು ಗೆಲ್ಲಲಿಕ್ಕೆ ಇನ್ನೊಂದು ಪ್ಲಾಟು ಹಿಡಿಯುತ್ತಾರೆ ಅನ್ನೋ ಭಯ ನನಗಿತ್ತು. ಆಕೆ ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಇದು ಆಕೆ ಮಾಡಿದ ದೊಡ್ಡ ಕೆಲಸ, ಅದನ್ನು ಮಾಸ್ತರ ಎದುರೇ ಹೇಳಿದೆ.

ಮುಂದೆ ಶುರು ಮಾಡೋದಾದರೆ ಹೇಗೆ ಅಂತ ನಾಲ್ಕನೇ ಸಲ ಕೂತಾಗ ಮಾತಾಡಿದೆವು. ಆಗ ಗೊತ್ತಾದದ್ದು, ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಅಲ್ಲ. ಆಕೆಗೆ ಬಾಡಿಗೆ ಮನೆ ಸಾಕಾಗಿತ್ತು, ಮಕ್ಕಳ ಶಾಲೆ ಹತ್ತಿರ ಒಂದು ಸ್ವಂತ ಮನೆ ಬೇಕಿತ್ತು. ಇವರಿಗೆ ಬೆಲೆ ಏರುವ ಜಾಗ ಬೇಕಿತ್ತು. ಮೊದಲನೆಯದು ಬದುಕುವುದಕ್ಕೆ, ಎರಡನೆಯದು ದುಡ್ಡು ಬೆಳೆಸುವುದಕ್ಕೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಊರ ಹೊರಗಿನ ಪ್ಲಾಟು ಹಿಡಿದು ಬಾಡಿಗೆಯನ್ನೂ ಕಟ್ಟುವ ಸ್ಥಿತಿ ಬರುತ್ತದೆ. ಮೊದಲ ಖರೀದಿ ಮನೆ ಕಟ್ಟುವ ಜಾಗವೇ ಆಗಲಿ, ಒಂದೇ ಆಗಲಿ, ಇಬ್ಬರ ಹೆಸರಲ್ಲಿ ಆಗಲಿ ಅಂದೆ. ಐದು ವರ್ಷದೊಳಗೆ ಮಕ್ಕಳ ಫೀಗೋ ಆಸ್ಪತ್ರೆಗೋ ಬೇಕಾಗುವ ದುಡ್ಡನ್ನು ಮಣ್ಣಿಗೆ ಹಾಕಬೇಡಿ. ಬಂಗಾರ ಸಂಜೆಯೊಳಗೆ ರೊಕ್ಕ ಆಗುತ್ತದೆ. ಪ್ಲಾಟು ಬೇಕಾದಾಗ ಮಾರಾಟ ಆಗೋದಿಲ್ಲ.

ಮಾಸ್ತರು 5 ಲಕ್ಷ ಪರ್ಸನಲ್ ಲೋನ್ ತಗೊಳ್ಳಲಾ ಅಂತ ಕೇಳಿದರು. ನೂರಕ್ಕೆ 12ರ ಬಡ್ಡಿ, ಐದು ವರ್ಷ ಅಂದ್ರೆ ತಿಂಗಳಿಗೆ 11 ಸಾವಿರದ ಮೇಲೆ ಕಂತು, ಒಟ್ಟು ಬಡ್ಡಿ 1.67 ಲಕ್ಷ. ಅದರ ಬದಲು ಪ್ಲಾಟಿನ ಮೇಲೇ ಸಾಲ ಕೊಡ್ತೀರಾ ಅಂತ ಬ್ಯಾಂಕಿಗೆ ಕೇಳಿ ಅಂದೆ. ಸಾಲ ಬೇಡದಿದ್ದರೂ ಕೇಳಿ. ಬ್ಯಾಂಕಿನ ವಕೀಲರು ಕಾಗದ ನೋಡುತ್ತಾರೆ. ಬ್ಯಾಂಕು ಬೇಡ ಅಂದ ಪ್ಲಾಟನ್ನು ನೀವು ಯಾಕೆ ತಗೋಬೇಕು? ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ 1ರಿಂದ 2 ಆಗಿದೆ. ಮುದ್ರಾಂಕ, ಸೆಸ್ಸು ಎಲ್ಲ ಕೂಡಿದರೆ ಏಳೂವರೆ ದಾಟುತ್ತದೆ. ಅವರ ಎರಡು ಪ್ಲಾಟಿನ 12 ಲಕ್ಷಕ್ಕೆ ಇದು 90 ಸಾವಿರದ ಮೇಲೆ. ಅವರ ಲೆಕ್ಕದಲ್ಲಿ ಈ ಖರ್ಚೇ ಇರಲಿಲ್ಲ.

ಸಾಲದೆಂಬಂತೆ ಒಂದು ಮನೆಗೆಲಸವನ್ನೂ ಕೊಟ್ಟೆ. ಮೂರು ತಿಂಗಳು ಒಂದು ರೂಪಾಯಿ ಕೊಡದೆ ಜಾಗ ನೋಡಬೇಕು. ಇಬ್ಬರೂ ಕೂಡಿ, ಹಗಲಲ್ಲಿ ಒಂದು ಸಲ, ಮಳೆ ಬಂದ ಮರುದಿನ ಒಂದು ಸಲ. ಪ್ರತಿ ಜಾಗಕ್ಕೆ ಉತಾರ, ಎನ್‌ಎ ಆದೇಶ, ಮಂಜೂರಾದ ನಕ್ಷೆ, ಪಂಚಾಯ್ತಿ ವ್ಯಾಪ್ತಿ ಆದರೆ ಇ-ಸ್ವತ್ತಿನ (ಪಂಚಾಯ್ತಿ ಆಸ್ತಿ ದಾಖಲೆಯ) ಫಾರಂ 9 ಮತ್ತು 11ಎ, ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಋಣಭಾರ ಪತ್ರ. ಯಾರಾದರೂ "ಇವತ್ತೇ" ಅಂದ್ರೆ ಆ ಜಾಗ ಪಟ್ಟಿಯಿಂದ ತೆಗೀಬೇಕು.

ಫೆಬ್ರವರಿಯಲ್ಲಿ ಬಂದಾಗ ಮಾಸ್ತರ ಕೈಯಲ್ಲಿ ಶಾಲೆಯ 100 ಪುಟದ ನೋಟ್‌ಬುಕ್ ಇತ್ತು. ಐದು ಜಾಗ ಬರೆದಿದ್ದರು, ನಾಲ್ಕಕ್ಕೆ ಕೆಂಪು ಗೆರೆ. ಗೆರೆಯ ಪಕ್ಕ ಕಾರಣ: "ಎನ್‌ಎ ಇಲ್ಲ", "ವಾಟ್ನಿ ತಂಟೆ", "ನೀರು ನಿಲ್ತದೆ". "ನೀರು ನಿಲ್ತದೆ" ಅನ್ನೋದು ಹೆಂಡತಿಯ ಅಕ್ಷರದಲ್ಲಿತ್ತು. ಐದನೆಯದಕ್ಕೆ ಗೆರೆ ಎಳೆದಿರಲಿಲ್ಲ, ಸಂಚಕಾರವನ್ನೂ ಕೊಟ್ಟಿರಲಿಲ್ಲ. ಮಾಸ್ತರು ಈಗ ರಾತ್ರಿ ಐದಾರು ತಾಸು ಮಲಗುತ್ತಿದ್ದಾರಂತೆ. ಆಕೆಯ ಕೈಯಲ್ಲಿ ಒಂದು ಪಾಟ್ಲಿ ಬಂದಿತ್ತು, ಇನ್ನೊಂದು ಬಿಡಿಸುವುದು ಬಾಕಿ. ಕೊಟ್ಟ 3.4 ಲಕ್ಷದಲ್ಲಿ 1.6 ಲಕ್ಷ ಎರಡು ಚೆಕ್ಕಿನಲ್ಲಿ ವಾಪಸ್ ಬಂದಿದೆ. ಉಳಿದದ್ದಕ್ಕೆ ವಕೀಲರ ನೋಟಿಸ್ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ.